ಚಿಲ್ಲಾ ಕೋಣೆಯ ಬಲ್ಬು

ಜನವರಿ ೮, ಸೋಮವಾರ

ದಯಾಮಯನ ನಾಮವನ್ನು ಸ್ಮರಿಸಿ ಈ ಹೊಸ ಪುಟವನ್ನು ತೆರೆಯುತ್ತೇನೆ.

ಚಳಿಗಾಲದ ನಲವತ್ತು ದಿನಗಳ ಮಹಾಚಿಲ್ಲಾ ನಡುಮಧ್ಯಕ್ಕೆ ಬಂದಿದೆ. ನಮ್ಮೂರು ಇಸ್ತರವಶನದ ಬೆಟ್ಟಗಳು ಹಿಮದೊಳಗೆ ಹುದುಗಿ, ಎಲ್ಲಿ ನೆಲ ಮುಗಿದು ಎಲ್ಲಿ ಆಕಾಶ ಮೊದಲಾಯಿತೆಂಬುದು ತಿಳಿಯದಂತಾಗಿದೆ. ವಿದ್ಯುತ್ತು ಬೆಳಗಿನ ನಮಾಜಿನ ಹೊತ್ತಿಗೆ ಬಂದು ತಂದೂರಿನ ರೊಟ್ಟಿ ಆರುವಷ್ಟರಲ್ಲಿ ಹೊರಟುಹೋಗುತ್ತದೆ. ಸಂಜೆ ಮತ್ತೊಮ್ಮೆ ಅತಿಥಿಯಂತೆ ಬಂದು, ಬೇಗನೆ ಎದ್ದು ನಡೆಯುತ್ತದೆ.

ಸೊಸೆಗೆ ದಿನ ತುಂಬಿದೆ. ಹಿಂದೆ ಎರಡು ಬಾರಿ ಅಟ್ಟದಿಂದ ಇಳಿಸಿದ ತೊಟ್ಟಿಲನ್ನು ಬಟ್ಟೆ ಮುಚ್ಚಿ ಮರಳಿ ಅಟ್ಟಕ್ಕೇರಿಸಿದ್ದೇವೆ. ಈ ಬಾರಿ ಕರುಣಾಳುವಾದ ಒಡೆಯನು ಕೈಬಿಡಲಾರನೆಂಬ ಭರವಸೆಯಿದೆ.

ಹೆರಿಗೆಯಾದ ಮೇಲೆ ತಾಯಿಮಗು ಮಲಗುವ ಕೋಣೆಯಲ್ಲಿ ನಲವತ್ತು ದಿನ ದೀಪ ಆರಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ಅದಕ್ಕೂ ಚಿಲ್ಲಾ ಎಂದೇ ಹೆಸರು. ಕತ್ತಲಾದರೆ ಅಜಿನಾ ಎಂಬ ಪಿಶಾಚಿ ಬಂದು ಮಗುವನ್ನು ಬದಲಿಸುತ್ತದೆಂದು ಹೆಂಗಸರು ನಂಬುತ್ತಾರೆ. ನಾನು ಅಷ್ಟನ್ನು ನಂಬುವವನಲ್ಲ. ಆದರೂ ಹಿರಿಯರು ಹಚ್ಚಿದ ದೀಪವನ್ನು ಆರಿಸುವ ಅಧಿಕಾರ ನನಗಿಲ್ಲ. ನನ್ನ ತಾಯಿ ಹತ್ತಿಬೀಜದ ಎಣ್ಣೆಯ ದೀಪವಿಟ್ಟಿದ್ದಳು. ಮಗ ಇಸ್ಕಂದರ್ ಹುಟ್ಟಿದಾಗ ನಾನು ನೂರು ವ್ಯಾಟಿನ ಹಳೆಯ ಗಾಜುಬಲ್ಬನ್ನು ತೂಗಿಹಾಕಿದ್ದೆ. ಅದು ಬೆಳಕಿನೊಡನೆ ಕಾವನ್ನೂ ಕೊಡುತ್ತಿತ್ತು. ಈಗ ಅಂಥ ಬಲ್ಬುಗಳ ಮಾರಾಟಕ್ಕೆ ನಿಷೇಧವಿದೆ. ಇರುವ ಬಲ್ಬಿಗೂ ವಿದ್ಯುತ್ತಿಲ್ಲ. ಆದಕಾರಣ ತಕ್ಕ ದೀಪವನ್ನು ಆಯ್ದು ತರುವ ಹೊಣೆ ನನ್ನದೆಂದು ಮನೆಯವಳಿಗೆ ಸವಿಸ್ತಾರವಾಗಿ ತಿಳಿಸಿದೆ.

"ಒಂದು ಬಲ್ಬು ತರೋಕೆ ಇಷ್ಟು ದೊಡ್ಡ ಪೀಠಿಕೇನಾ, ಇಸ್ಕಂದರನ ಅಪ್ಪಾ? ಹೋಗಿ ತನ್ನಿ, ಬರ್ತಾ ಈರುಳ್ಳೀನೂ ತನ್ನಿ," ಎಂದಳು ಸನವ್ಬರ್.

ಜನವರಿ ೯, ಮಂಗಳವಾರ

ಬಜಾರಿನಲ್ಲಿ ಲತೊಫತಳ ಅಂಗಡಿಗೆ ಹೋದೆ. ಗೋಡೆಗೆ ಹೊಡೆದ ಹಲಗೆಯ ಮೇಲೆ ಹೋಲ್ಡರುಗಳ ಸಾಲೊಂದಿದೆ. ಕೊಳ್ಳುವವನ ಕಣ್ಣೆದುರು ಬಲ್ಬು ಹೊತ್ತಿಸಿ ತೋರಿಸದೆ ಆಕೆ ಮಾರುವುದಿಲ್ಲ. ಹಿಂದಿನ ಬಾಗಿಲಲ್ಲಿ ಜನರೇಟರು ಗೊಣಗುತ್ತಿತ್ತು.

"ಬನ್ನಿ ದೊಮುಲ್ಲೊ, ಬನ್ನಿ! ನಿಮ್ಮ ಮನೇಲಿ ಇನ್ನೂ ಎಣ್ಣೆ ದೀಪ ಅಂತ ಜನ ಆಡ್ಕೋತಿದ್ರು." ಓದು ಕಲಿಸಿದ ಮುಲ್ಲಾ ಎಂದು ಊರಿನವರು ನನ್ನನ್ನು ಹಾಗೆ ಕರೆಯುತ್ತಾರೆ.

"ನಿನ್ನ ಅಂಗಡಿ ಬಲ್ಬು ಮೂರು ದಿನಕ್ಕೆ ಸಾಯುತ್ತೆ ಅಂತಾನೂ ಆಡ್ಕೋತಾರೆ."

"ಸಾಯೋದು ಬಲ್ಬಲ್ಲ, ನಮ್ಮೂರ ಕರೆಂಟು. ಅಪವಾದ ಮಾತ್ರ ಈ ಬಡವಿ ತಲೆ ಮೇಲೆ. ಹೇಳಿ, ಎಷ್ಟರದು ಬೇಕು?"

ನೂರು ವ್ಯಾಟಿನದೆಂದೆ. ಆಕೆ ಹೊಟ್ಟೆ ಹಿಡಿದು ನಕ್ಕಳು.

"ಇವತ್ತಿನ ಬಲ್ಬಲ್ಲಿ ನೂರು ಹಾಕಿದ್ರೆ ಮಗು ಮದುವೆ ಚಪ್ಪರದಲ್ಲಿ ಹುಟ್ಟಿದ ಹಾಗಿರತ್ತೆ! ವ್ಯಾಟು ಅಂದ್ರೆ ಅದು ಎಷ್ಟು ತಿನ್ನತ್ತೆ ಅನ್ನೋದು. ಎಷ್ಟು ಬೆಳಗತ್ತೆ ಅನ್ನೋಕೆ ಇಲ್ಲಿ ನೋಡಿ, ಲುಮೆನ್ ಅಂತ ಬರ್ದಿದೆ. ತಿನ್ನೋ ಲೆಕ್ಕ ಬೇರೆ, ದುಡಿಯೋ ಲೆಕ್ಕ ಬೇರೆ. ನನ್ನ ಗಂಡನ್ನ ನೋಡಿದ್ರೆ ಗೊತ್ತಾಗತ್ತೆ."

ಕನ್ನಡಕ ಏರಿಸಿ ಪೆಟ್ಟಿಗೆಗಳನ್ನು ಒಂದೊಂದಾಗಿ ಓದಿದೆ. ಚಿಕ್ಕ ಅಕ್ಷರಗಳಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಹೋಲ್ಡರಿಗೆ ಕೂರುವ ತಿರುಪು ದಪ್ಪನೆಯದೋ ಸಣ್ಣದೋ ಎಂಬುದು ಮೊದಲ ವಿಚಾರ. ಬೆಳಕಿನ ವರ್ಣಕ್ಕೂ ಒಂದು ಸಂಖ್ಯೆಯುಂಟು: ಮೂರು ಸಾವಿರಕ್ಕಿಂತ ಕೆಳಗಿನದು ದೀಪದ ಕುಡಿಯಂತೆ ಹಳದಿ, ಆರು ಸಾವಿರವೆಂಬುದು ಹಿಮದಂತೆ ಬೆಳ್ಳಗೆ. ಸಂಖ್ಯೆ ಏರಿದಂತೆ ಬೆಳಕು ತಣ್ಣಗಾಗುವ ಈ ವೈಪರೀತ್ಯವನ್ನು ಕಂಡು ಬೆರಗಾದೆ. ಇನ್ನೊಂದು ಸಂಖ್ಯೆ, ಆ ಬೆಳಕಿನಲ್ಲಿ ವಸ್ತುಗಳ ಬಣ್ಣ ಎಷ್ಟರಮಟ್ಟಿಗೆ ನಿಜವಾಗಿ ಕಾಣುವುದೆಂದು ನೂರರ ಅಳತೆಯಲ್ಲಿ ಹೇಳುತ್ತದೆ. ತೊಟ್ಟಿಲೊಂದಲ್ಲದೆ ಬೇರೇನೂ ಇಲ್ಲದ ಕೋಣೆಗೆ ಬಣ್ಣದ ಸತ್ಯಾಸತ್ಯ ಏತಕ್ಕೆಂದು ಅದನ್ನು ಬದಿಗಿಟ್ಟೆ.

ಲತೊಫತ್ ಮೊದಲು ಬಿಳಿಯದನ್ನು ಹೊತ್ತಿಸಿದಳು. ನನ್ನ ಅಣ್ಣನ ದೇಹಕ್ಕೆ ಕಡೆಯ ಸ್ನಾನ ಮಾಡಿಸಿದ್ದು ಅಂಥದೇ ಬೆಳಕಿನಲ್ಲಿ. ಕಣ್ಣು ತಿರುಗಿಸಿಕೊಂಡೆ.

"ಬೇಡ ಬಿಡಿ. ಬಿಳೀದು ಅಡುಗೆಮನೆಗೆ, ಹೊಲಿಗೆಗೆ. ಬಾಣಂತಿ ಕೋಣೆಗೆ ಹಳದೀನೇ ಸರಿ. ಬಿಳೀದ್ರಲ್ಲಿ ಕೂಸು ಬೇಯಿಸಿದ ಮೂಲಂಗಿ ಥರ ಕಾಣತ್ತೆ," ಎಂದು ಆಕೆ ಇನ್ನೊಂದನ್ನು ತಿರುಪಿದಳು. ಹಲಗೆಯ ಮೇಲೆ ಜೇನು ಚೆಲ್ಲಿದಂತಾಯಿತು. ಬಳಿಕ ಆಕೆ ಜನರೇಟರನ್ನೇ ನಿಲ್ಲಿಸಿದಳು. ಸುತ್ತಲಿನ ದೀಪಗಳೆಲ್ಲ ಸತ್ತವು, ಅದೊಂದು ಮಾತ್ರ ಆರಲಿಲ್ಲ. ಹೊಟ್ಟೆಯೊಳಗೇ ದೊಡ್ಡ ಬ್ಯಾಟರಿಯುಳ್ಳ ಬಲ್ಬು. ಕರೆಂಟು ಇದ್ದಾಗ ಉಂಡು, ಇಲ್ಲದಾಗ ಉರಿಯುತ್ತದೆ.

ನಮ್ಮ ಕಟ್ಟಳೆಗೆಂದೇ ಯಾರೋ ಮಾಡಿಟ್ಟಂತಿತ್ತು. ಕೊಂಡು ತಂದೆ. ಈರುಳ್ಳಿ ಮರೆತೆ.

ಜನವರಿ ೧೦, ಬುಧವಾರ

ಕೋಣೆ ಸಿದ್ಧವಾಯಿತು. ಕಿಟಕಿಗೆ ದಪ್ಪ ಕೌದಿಯನ್ನು ನಾಲ್ಕು ಮೂಲೆಗೂ ಮೊಳೆ ಹೊಡೆದು ಬಿಗಿದೆ. ಚಳಿಗೂ ಅದೇ ತಡೆ, ಕೆಟ್ಟ ಕಣ್ಣಿಗೂ ಅದೇ. ಒಲೆಗೆ ಕಲ್ಲಿದ್ದಲು ತಂದಿರಿಸಿದೆ. ಬಲ್ಬನ್ನು ತೊಟ್ಟಿಲಿನ ನೇರಕ್ಕೆ ತೂಗಿಹಾಕಿದೆ.

ಸೊಸೆ ಬಾಗಿಲಲ್ಲಿ ನಿಂತು ನೋಡಿ, ಅತ್ತೆಯ ಕಿವಿಯಲ್ಲಿ ಏನೋ ಅಂದಳು. ನಮ್ಮ ಮನೆಯಲ್ಲಿ ಸೊಸೆ ಮಾವನೊಡನೆ ನೇರವಾಗಿ ಮಾತಾಡುವ ವಾಡಿಕೆಯಿಲ್ಲ. ನಾನೂ ಆಕೆಯನ್ನು ಹೆಸರು ಹಿಡಿದು ಕರೆಯುವವನಲ್ಲ. ಸನವ್ಬರ್ ಮಾತನ್ನು ದಾಟಿಸಿದಳು: "ಬಿಳೀದು ಆಗಿದ್ರೆ ಮಗು ಮುಖ ಚೆನ್ನಾಗಿ ಕಾಣ್ತಿತ್ತು ಅಂತಾಳೆ."

ಕಾಣುವುದಕ್ಕೆ ಇನ್ನೂ ಮಗುವೇ ಬಂದಿಲ್ಲವೆಂದು ನಕ್ಕೆ. ಎಳೆಯ ಕಣ್ಣಿಗೆ ಮೃದುವಾದ ಬೆಳಕೇ ಹಿತವೆಂದು ತಿಳಿಸಿ ಹೇಳುವಂತೆ ಸೂಚಿಸಿದೆ.

ಜನವರಿ ೧೨, ಶುಕ್ರವಾರ

ಗಂಡು. ಹೆರಿಗೆ ಸುಸೂತ್ರ. ಒಡೆಯನಿಗೆ ಕೋಟಿ ವಂದನೆ.

ಇಸ್ಕಂದರ್ ಲಾರಿಯೊಂದಿಗೆ ಕಣಿವೆಯ ಆಚೆ ಸಿಕ್ಕಿಕೊಂಡಿದ್ದಾನೆ, ದಾರಿ ಹಿಮದಿಂದ ಮುಚ್ಚಿದೆ. ಫೋನಿನಲ್ಲಿ ಅತ್ತ. "ಅಪ್ಪಾ, ಹೆಸರು ನೀವೇ ಇಡಿ," ಎಂದ. ಸಿರೊಜಿದ್ದೀನ್ ಎಂದಿಟ್ಟೆ. ಧರ್ಮದ ದೀಪ.

ಜನವರಿ ೧೫, ಸೋಮವಾರ

ತಾಯಿಮಗು ಮನೆಗೆ ಬಂದರು. ಕಂಬಳಿಯಲ್ಲಿ ಸುತ್ತಿ, ಮುಖಕ್ಕೂ ಸೆರಗು ಮುಚ್ಚಿ, ಗಾಡಿಯಿಂದ ನೇರವಾಗಿ ಒಳಕ್ಕೆ ತಂದೆವು. ಹಳದಿ ಬೆಳಕಿನ ಕೆಳಗೆ ಸೆರಗು ಸರಿಸಿದಾಗ ಸನವ್ಬರ್ ಕೂಗಿದಳು: "ಅಯ್ಯೋ ನನ್ನ ಬಂಗಾರವೇ! ಇಸ್ಫರಾದ ಜರ್ದಾಲು ಹಣ್ಣು ಕಣೇ ಇದು, ಮರದಲ್ಲೇ ಮಾಗಿರೋದು!"

ನಿಜಕ್ಕೂ ಹಾಗೆಯೇ ಇತ್ತು. ಬಲಗಿವಿಯಲ್ಲಿ ನಿಧಾನವಾಗಿ ಬಾಂಗ್ ಹೇಳಿದೆ. ಮಗು ಬೆಚ್ಚಿ ಕೈಯೆತ್ತಿತು, ಅನಂತರ ಸಾವಧಾನವಾಗಿ ಕೇಳಿಸಿಕೊಂಡಿತು. ಬಾಂಗ್ ಮುಗಿಯುವವರೆಗೆ ಕಣ್ಣು ಮುಚ್ಚಲಿಲ್ಲ. ಎಪ್ಪತ್ತು ದಾಟಿದ ನನಗೆ ಇದಕ್ಕಿಂತ ದೊಡ್ಡ ಶ್ರೋತೃ ದೊರೆತಿಲ್ಲ.

ಸಂಜೆ ಕರೆಂಟು ಹೋಯಿತು. ಬೀದಿಯೆಲ್ಲ ಕತ್ತಲು. ನಮ್ಮ ಕೋಣೆಯ ದೀಪ ಆರಲಿಲ್ಲ.

ಜನವರಿ ೧೭, ಬುಧವಾರ

ದವಾಖಾನೆಯಿಂದ ದಾದಿ ಬಂದಿದ್ದಳು. ದಿಲಾರೊಮ್ ಎಂದು ಹೆಸರು. ನನ್ನ ಹಳೆಯ ಶಿಷ್ಯನೊಬ್ಬನ ಮಗಳು, ಬಾಯಿ ಜೋರು. ಮಗುವನ್ನು ತೂಗಿ, ಸ್ವಲ್ಪ ಇಳಿದಿದೆ, ಮೊದಲ ವಾರ ಎಲ್ಲ ಮಕ್ಕಳೂ ಇಳಿಯುತ್ತಾರೆ ಎಂದಳು. ಬಳಿಕ ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಬಿಟ್ಟು, ಹುಬ್ಬು ಗಂಟಿಕ್ಕಿದಳು.

"ಈ ಬೆಳಕಲ್ಲಿ ನನಗೇನೂ ಗೊತ್ತಾಗ್ತಿಲ್ಲ. ಎಲ್ರೂ ಹಳದೀನೇ ಇಲ್ಲಿ. ನಿಮ್ಮ ಗಡ್ಡ ನೋಡ್ಕೊಳ್ಳಿ ದೊಮುಲ್ಲೊ, ಅರಿಸಿನ ಮೆತ್ತಿದ ಹಾಗಿದೆ! ಕಿಟಕಿ ತೆಗೀರಿ, ಒಂದು ನಿಮಿಷ."

ಸೊಸೆ ಆಗಲೇ ಎದ್ದು ಕೌದಿಯ ಅಂಚಿಗೆ ಕೈಹಾಕಿದ್ದಳು. ಚಿಲ್ಲಾ ಮುಗಿಯುವವರೆಗೆ ಆ ಕಿಟಕಿ ತೆರೆಯುವಂತಿಲ್ಲವೆಂದೆ. ಹೊರಗೆ ಕಲ್ಲು ಸೀಳುವ ಚಳಿ. ಹತ್ತು ದಿನವೂ ತುಂಬದ ಎಳೆಗೂಸು.

"ಹಾಗಾದ್ರೆ ನಾಳೆ ಬಿಸಿಲೇರಿದ ಮೇಲೆ ನೀವೇ ಬಾಗಿಲ ಹತ್ರ ಹಿಡಿದು ನೋಡಿ. ಬೆಳಕಲ್ಲಿ ನೋಡ್ಬೇಕು, ಮರೀಬೇಡಿ."

"ಅಮ್ಮಾ, ಈ ಮನೇಲಿ ಹಗಲೂ ರಾತ್ರಿ ಬೆಳಕಿದೆ," ಎಂದೆ. ಆಕೆ ನಕ್ಕಳು, ನಾನೂ ನಕ್ಕೆ. ಚಹಾ ಕುಡಿಸಿ, ಎರಡು ರೊಟ್ಟಿ ಕಟ್ಟಿಕೊಟ್ಟು, ಬಾಗಿಲವರೆಗೆ ಹೋಗಿ ಕಳುಹಿಸಿದೆ. ಶನಿವಾರ ಮತ್ತೆ ಬರುವಳಂತೆ. ಮನಸ್ಸು ನೋಯಿಸದೆ ಇಲ್ಲವೆನ್ನುವುದೂ ಒಂದು ವಿದ್ಯೆ.

ಜನವರಿ ೧೮, ಗುರುವಾರ

ಮಗು ಸೌಮ್ಯಸ್ವಭಾವದ್ದು. ಅಳುವುದೇ ಇಲ್ಲ, ಹಗಲೆಲ್ಲ ನಿದ್ರೆ. ಇಸ್ಕಂದರ್ ಹೀಗಿರಲಿಲ್ಲ, ಮೂರು ಬೀದಿಗೆ ಕೇಳುವಂತೆ ಚೀರುತ್ತಿದ್ದ. ಬಾಗಿಲಿನ ಬಳಿ ಗಾಳಿ ಕತ್ತಿಯಂತೆ ನುಗ್ಗುತ್ತಿದ್ದುದರಿಂದ ದಾದಿ ಹೇಳಿದ್ದನ್ನು ಮಾಡಲಾಗಲಿಲ್ಲ.

ಮೊಲೆಗಿಟ್ಟರೆ ಎರಡು ಗುಟುಕಿಗೇ ನಿದ್ದೆ ಹೋಗುತ್ತದೆಂದು ಸೊಸೆಯ ದೂರು. ಹಾಲು ಕಟ್ಟಿರಬೇಕೆಂದು ಸನವ್ಬರ್ ಕೊಬ್ಬು ಹಾಕಿದ ಅಟೊಲಾ ಗಂಜಿಯನ್ನು ಎರಡು ಬಟ್ಟಲು ಕುಡಿಸಿದಳು. ಸೊಸೆ ಇಂದು ವಾಡಿಕೆ ಮುರಿದು ನನಗೇ ಹೇಳಿದಳು: "ಮಾವಾ, ಒಂದ್ಸಲ ಕಿಟಕಿ ತೆಗೀತೀನಿ. ಒಂದೇ ಒಂದ್ಸಲ."

ಬಾಣಂತಿಯ ಮನಸ್ಸು ತಲ್ಲಣಿಸುವುದು ಸಹಜ. ತಾಳ್ಮೆಯಿಂದಿರುವಂತೆ ಹೆಂಡತಿಯ ಮೂಲಕ ತಿಳಿಸಿದೆ. ಕರೆಂಟು ನಿನ್ನೆಯಿಂದ ಬಂದಿಲ್ಲ. ಊರಾಚೆ ಎಲ್ಲೋ ತಂತಿ ಹರಿದಿದೆಯಂತೆ. ಬಲ್ಬು ಮಾತ್ರ ಸ್ಥಿರವಾಗಿ ಉರಿಯುತ್ತಿದೆ.

ಜನವರಿ ೧೯, ಶುಕ್ರವಾರ

ಜುಮಾ ನಮಾಜು ಮುಗಿಸಿ ಬರುವಾಗ ನಮ್ಮ ಮನೆಯ ಕಿಟಕಿ ಬೀದಿಗೆ ತೆರೆದುಕೊಂಡಿತ್ತು.

ಬಲ್ಬಿನ ಬ್ಯಾಟರಿ ಮುಗಿದಿತ್ತು. ಕೋಣೆ ಕತ್ತಲಾದ ಕೂಡಲೆ ಸೊಸೆ ಎದ್ದು, ಮೊಳೆ ಕೀಳುವುದಕ್ಕೂ ಕಾಯದೆ, ಕೌದಿಯನ್ನೇ ಹರಿದು ಕೆಳಗೆಳೆದಿದ್ದಳು. ಉಗುರಿನಲ್ಲಿ ರಕ್ತ. ಹೊರಗಿನ ಹಿಮದ ಬೆಳಕೆಲ್ಲ ಒಳಗೆ ಬಿದ್ದಿತ್ತು. ಮಗುವನ್ನು ಬಿಚ್ಚಿ ಮಂಡಿಯ ಮೇಲೆ ಮಲಗಿಸಿಕೊಂಡಿದ್ದಳು.

"ನೋಡಿ," ಎಂದಳು. ಅಷ್ಟೇ.

ಹಣೆ, ಎದೆ, ಹೊಟ್ಟೆ, ಅಂಗಾಲು. ಕಣ್ಣಿನ ಬಿಳಿ ಕೂಡ. ಬಲ್ಬು ಆರಿತ್ತು, ಹಳದಿ ಹೋಗಿರಲಿಲ್ಲ.

ಸನವ್ಬರ್ ಎದೆ ಬಡಿದುಕೊಂಡು, "ಕಾಮಾಲೆ ಕಣ್ರೀ, ಕಾಮಾಲೆ! ಗಾಡಿ ತರ್ಸಿ! ಏನು ನೋಡ್ತಾ ನಿಂತಿದೀರಿ?" ಎಂದು ಕೂಗುತ್ತಿದ್ದಳು. ನಾನು ನೋಡುತ್ತ ನಿಂತಿದ್ದೆ.

ಜನವರಿ ೨೦, ಶನಿವಾರ

ಆಸ್ಪತ್ರೆ. ಗಾಜಿನ ಪೆಟ್ಟಿಗೆಯೊಳಗೆ ಬತ್ತಲೆ ಮಲಗಿಸಿ, ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ. ಮೇಲಿನಿಂದ ನೀಲಿ ದೀಪಗಳು. ಈ ಬೆಳಕೇ ಔಷಧವಂತೆ. ಅದು ಸಾಲದೆ ರಕ್ತವನ್ನೇ ಬದಲಿಸಿದರು.

ವೈದ್ಯೆ ಎಳೆಯ ಹೆಂಗಸು, ನಿದ್ದೆಯಿಲ್ಲದ ಮುಖ. "ಇಷ್ಟು ಹಳದಿಯಾಗೋವರೆಗೆ ಮನೇಲಿ ಯಾರೂ ನೋಡ್ಲಿಲ್ವಾ, ಅಜ್ಜಾ?" ಎಂದು ಕೇಳಿದಳು.

ದೀಪ ಯಾವಾಗಲೂ ಹೊತ್ತಿತ್ತು ಎಂದು ಉತ್ತರಿಸಿದೆ.

ಜನವರಿ ೨೨, ಸೋಮವಾರ

ಮಗುವಿನ ಬೆನ್ನು ಬಿಲ್ಲಿನಂತೆ ಬಾಗುತ್ತಿದೆ. ಪ್ರಾರ್ಥನೆ.

ಜನವರಿ ೨೬, ಶುಕ್ರವಾರ

ಬದುಕುತ್ತಾನೆ ಎಂದರು. ಮಿಕ್ಕದ್ದನ್ನು ಈಗ ಹೇಳಲಾಗದು ಎಂದೂ ಹೇಳಿದರು.

ಇಸ್ಕಂದರ್ ಬಂದ. ಪಡಸಾಲೆಯಲ್ಲಿ ನನ್ನ ಪಕ್ಕ ಕುಳಿತ. "ಊಟ ಮಾಡಿದ್ರಾ ಅಪ್ಪಾ?" ಎಂದ. ಬೈದಿದ್ದರೆ ಲೇಸಾಗಿತ್ತು.

ಫೆಬ್ರವರಿ ೧೩, ಮಂಗಳವಾರ

ಮನೆಗೆ ಬಂದರು. ಚಿಲ್ಲಾ ಇನ್ನೂ ಮುಗಿದಿಲ್ಲ. ಸೊಸೆ ಮೊಹ್‌ಶರೀಫ್ ಕಿಟಕಿಯ ಗಾಜನ್ನು ಬೂದಿಯಿಂದ ಉಜ್ಜಿ ತೊಳೆದು, ತೊಟ್ಟಿಲನ್ನು ಅದರ ಕೆಳಕ್ಕೆ ಎಳೆದಳು. ರಾತ್ರಿ ಅಜಿನಾ ಬರುತ್ತದೆಂದು ಸನವ್ಬರ್ ಗೊಣಗಿದ್ದಕ್ಕೆ, "ಬರ್ಲಿ ಅತ್ತೆ, ಬಂದ್ರೆ ನಾನೇ ಕೂರಿಸಿ ಚಹಾ ಕೊಡ್ತೀನಿ," ಎಂದಳು. ಆಕೆಯ ದನಿ ಇಷ್ಟು ಗಟ್ಟಿಯೆಂದು ನನಗೆ ಗೊತ್ತಿರಲಿಲ್ಲ.

ಹಳದಿ ಬಲ್ಬನ್ನು ಯಾರು ತೆಗೆದರೋ ಕೇಳಲಿಲ್ಲ. ದನದ ಕೊಟ್ಟಿಗೆಯಲ್ಲಿ ತೂಗುತ್ತಿದೆ. ಮೇವು ಹಾಕುವ ಕೆಲಸವನ್ನು ಇಸ್ಕಂದರನಿಗೆ ಬಿಟ್ಟಿದ್ದೇನೆ, ಮಂಡಿನೋವು.

ಮಾರ್ಚ್ ೫, ಮಂಗಳವಾರ

ತಾಮ್ರದ ಹಂಡೆಯ ಮುಚ್ಚಳ ಸನವ್ಬರಳ ಕೈಜಾರಿ ಕಲ್ಲುನೆಲದ ಮೇಲೆ ಬಿತ್ತು. ಅಂಗಳದ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಮಗು ನನ್ನ ತೊಡೆಯ ಮೇಲೆ ಎಚ್ಚರವಾಗಿಯೇ ಇತ್ತು. ಕಿಟಕಿಯ ಕಡೆಗೆ ನೋಡುತ್ತಿತ್ತು.

ಮುಚ್ಚಳವನ್ನು ಮತ್ತೊಮ್ಮೆ ಬೀಳಿಸುವಂತೆ ಹೇಳಿದೆ. ಸನವ್ಬರ್ ನನ್ನ ಮುಖ ನೋಡಿ, ಬೀಳಿಸಿದಳು.

ಕಿಟಕಿಯ ಕಡೆಗೇ ನೋಡುತ್ತಿತ್ತು.

ಮಾರ್ಚ್ ೧೪, ಗುರುವಾರ

ಖುಜಂದದ ದೊಡ್ಡಾಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ. ತಲೆಗೆ ತಂತಿಗಳನ್ನು ಅಂಟಿಸಿ ಯಂತ್ರಕ್ಕೆ ಜೋಡಿಸಿದರು. ಎರಡೂ ಕಿವಿಯಲ್ಲಿ ಶಬ್ದವಿಲ್ಲ; ಕಾಮಾಲೆ ಮಿದುಳಿಗೆ ಏರಿದ್ದರ ಫಲವಂತೆ. ಕುತ್ತಿಗೆ ನಿಲ್ಲುವುದೂ ತಡವಾಗಬಹುದು, ನಡಿಗೆಯ ವಿಷಯ ಕಾದು ನೋಡಬೇಕು ಎಂದರು. ಕಣ್ಣು ಮಾತ್ರ ಚುರುಕಾಗಿದೆ.

ಹಾಗಾದರೆ ನಾನು ಕಿವಿಯಲ್ಲಿ ಹೇಳಿದ ಬಾಂಗ್ ಆತ ಕೇಳಿದ ಕೆಲವೇ ಮಾತುಗಳಲ್ಲಿ ಒಂದು. ಅಂದು ಕೇಳಿಸಿಕೊಂಡಿದ್ದ. ನಾನು ಕಂಡಿದ್ದೇನೆ. ಹಿಂದಿನ ಪುಟದಲ್ಲಿ ಬರೆದಿದ್ದೇನೆ.

ಹಿಂದಿರುಗುವ ದಾರಿಯಲ್ಲಿ ರಮಜಾನಿನ ಉಪವಾಸ ಬಿಡುವ ಹೊತ್ತಾದಾಗ ಇಸ್ಕಂದರ್ ಲಾರಿ ನಿಲ್ಲಿಸಿ ಖರ್ಜೂರ ಹಂಚಿದ. ಮೊಹ್‌ಶರೀಫ್ ತನ್ನದನ್ನು ತಿನ್ನದೆ ಕೈಯಲ್ಲೇ ಹಿಡಿದಿದ್ದಳು.

"ತಿನ್ನಮ್ಮ," ಎಂದೆ.

ಮಾರ್ಚ್ ೧೮, ಸೋಮವಾರ

ಕೋಣೆಗೆ ದೀಪ ಬೇಕಾಗಿತ್ತು. ಮೊಹ್‌ಶರೀಫಳನ್ನು ಬಜಾರಿಗೆ ಕರೆದುಕೊಂಡು ಹೋದೆ. ಮಗು ಆಕೆಯ ತೋಳಲ್ಲಿತ್ತು.

ಲತೊಫತ್‌ಗೆ ವಿಷಯ ತಿಳಿದಿತ್ತು; ಇಂದು ತಮಾಷೆ ಮಾಡಲಿಲ್ಲ. ಸ್ಟೂಲನ್ನು ಒರೆಸಿ ಮುಂದಿಟ್ಟು, "ಅವತ್ತು ನಾನೇ ಹಳದಿ ಅಂದೆ, ದೊಮುಲ್ಲೊ," ಎಂದು ಸೆರಗಿನಿಂದ ಕಣ್ಣೊರಸಿಕೊಂಡಳು.

"ನೀನು ಮಾರ್ದೆ, ಅಷ್ಟೇ. ಈಗ ಇವಳನ್ನ ಕೇಳು," ಎಂದೆ. ಅನಂತರ ನಾನೇ ಕೇಳಿದೆ: "ಯಾವುದು ಬೇಕು, ಮೊಹ್‌ಶರೀಫ್?"

ಆಕೆ ಮೊದಲು ನನ್ನನ್ನು ನೋಡಿದಳು, ಬಳಿಕ ಹಲಗೆಯನ್ನು. ಒಂದೊಂದನ್ನೂ ಹೊತ್ತಿಸಲು ಹೇಳಿ, ಅದರ ಕೆಳಗೆ ತನ್ನ ಅಂಗೈ ಹಿಡಿದಳು, ಮಗುವಿನ ಕೆನ್ನೆ ಹಿಡಿದಳು. ತೀರ ಬಿಳಿಯದನ್ನು ಬಿಟ್ಟಳು. ನಡುವಣದು, ನಾಲ್ಕು ಸಾವಿರದ್ದು, ಬಣ್ಣ ನಿಜವಾಗಿ ತೋರಿಸುವ ಅಳತೆಯಲ್ಲಿ ನೂರಕ್ಕೆ ಹತ್ತಿರವಿದ್ದದ್ದು, ಅದನ್ನು ಎತ್ತಿಟ್ಟುಕೊಂಡಳು.

"ಮಧ್ಯದ ಕೊಂಡಿಗೇ ತೂಗಿಹಾಕ್ಲಾ?" ಎಂದು ಕೇಳಿದೆ.

"ಬೇಡ ಮಾವಾ. ನಾನು ಮಾತಾಡೋವಾಗ ಅವನು ನನ್ನ ಬಾಯಿ ನೋಡ್ತಾನೆ. ಮೇಲಿಂದ ಬೆಳಕು ಬಿದ್ರೆ ಮೂಗಿನ ನೆರಳು ಬಾಯಿ ಮೇಲೇ ಬೀಳತ್ತೆ. ಗೋಡೇಲಿ ಹಾಕಿ, ಮುಖದ ಮಟ್ಟಕ್ಕೆ. ಮಾತಾಡೋರ ಎದುರಿಗೆ ಇರ್ಬೇಕು, ಬೆನ್ನ ಹಿಂದೆ ಅಲ್ಲ."

ಇದು ಯಾವ ಪೆಟ್ಟಿಗೆಯ ಮೇಲೂ ಬರೆದಿರಲಿಲ್ಲ.

ಮಧ್ಯಾಹ್ನ ಗೋಡೆಯಲ್ಲಿ ತೂತು ಕೊರೆದು ಹೋಲ್ಡರು ಕೂರಿಸಿದೆ. ಆಕೆ ನೆಲದಲ್ಲಿ ಕುಳಿತು, "ಇನ್ನೊಂದು ಗೇಣು ಕೆಳಗೆ ಮಾವಾ," ಎಂದಳು. ಮತ್ತೊಮ್ಮೆ ಕೊರೆದೆ. ಮೊದಲಿನ ತೂತು ಹಾಗೆಯೇ ಇದೆ. ನಾಳೆ ಗಾರೆ ಮೆತ್ತಬೇಕು.

ಕರೆಂಟು ಬಂದಾಗ ಬಲ್ಬು ಹೊತ್ತಿಸಿ ಮಗುವಿನೆದುರು ಕುಳಿತೆ. ಆತ ನನ್ನ ಮುಖದಲ್ಲಿ ಏನನ್ನೋ ಹುಡುಕಿ, ಸಿಗದೆ, ಕಣ್ಣನ್ನು ಕಿಟಕಿಗೆ ತಿರುಗಿಸಿದ.

"ಆ ಮೀಸೆ ಒಳಗೆ ಬಾಯಿ ಎಲ್ಲಿದೆ ಅಂತ ಇಷ್ಟು ವರ್ಷ ಆದ್ರೂ ನನಗೇ ಗೊತ್ತಾಗಿಲ್ಲ, ಆ ಕೂಸಿಗೆ ಹೇಗೆ ಗೊತ್ತಾಗ್ಬೇಕು?" ಎಂದಳು ಸನವ್ಬರ್, ಬಾಗಿಲಲ್ಲಿ ಅಕ್ಕಿ ಆರಿಸುತ್ತ. ಜನವರಿಯಿಂದೀಚೆಗೆ ಆಕೆ ನಗೆಮಾತು ಆಡಿದ್ದು ಇದೇ ಮೊದಲು.

ಕತ್ತರಿ ತರಿಸಿ, ಹೊಸ ಬೆಳಕಿನಲ್ಲಿ ಕನ್ನಡಿ ಹಿಡಿದು, ತುಟಿಯ ಮೇಲಿನ ಕೂದಲನ್ನೆಲ್ಲ ಬುಡದವರೆಗೆ ತೆಗೆದೆ. ನನ್ನ ತುಟಿಗಳು ತಂದೆಯವರ ತುಟಿಗಳಂತಾಗಿವೆ, ತೆಳ್ಳಗೆ.

ಇಳಿಹೊತ್ತಿನ ಅಸರ್ ನಮಾಜಿನ ಸಮಯವಾಗಿತ್ತು. ಮಗುವಿನ ಎದುರು ಮತ್ತೆ ಕುಳಿತು, ದನಿಯೆತ್ತಬೇಕೋ ಬೇಡವೋ ತಿಳಿಯದೆ, ಒಂದೊಂದು ಪದಕ್ಕೂ ಬಾಯನ್ನು ಪೂರ್ತಿ ತೆರೆದು ಬಾಂಗ್ ಹೇಳತೊಡಗಿದೆ. ಆತ ನೋಡುತ್ತಿದ್ದ.

ನಡುವೆ ಕರೆಂಟು ಹೋಯಿತು. ನಾನು ನಿಲ್ಲಿಸಿದೆ. ಮೊಹ್‌ಶರೀಫ್ ಎದ್ದು ಪರದೆಯನ್ನು ಗೋಡೆಯವರೆಗೂ ಸರಿಸಿ, ತೊಟ್ಟಿಲನ್ನು ಎತ್ತಿ ತಿರುಗಿಸಿದಳು. ನಾನೂ ಎದ್ದು, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತೆ. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಉಳಿದದ್ದನ್ನು ಹೇಳಿ ಮುಗಿಸಿದೆ.